ವಾಲ್ವ್ ಮುಚ್ಚಿದ್ದರೂ ಫಿಟ್ಟರ್ ಕೈ ಸುಟ್ಟಿತು: ಹಬೆಯ ಲೈನಿನಲ್ಲಿ ಐಸೋಲೇಷನ್ ವಾಲ್ವ್ ಎಲ್ಲೆಲ್ಲಿ ಇರಬೇಕು?

ಪೀಣ್ಯ ಮೆಂಟೆನೆನ್ಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಬಟ್ಟೆಗೆ ಬಣ್ಣ ಹಾಕಿ, ತೊಳೆದು, ಒಣಗಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ ಗಂಟೆಗೆ ಮೂರು ಟನ್ ಹಬೆ ಕೊಡುವ ಒಂದು ಬಾಯ್ಲರ್ ಇದ್ದು, ಹೆಡರಿನ (ಬಾಯ್ಲರಿನ ಹಬೆ ಮೊದಲು ಸೇರಿ, ಅಲ್ಲಿಂದ ಹಂಚಿಕೆಯಾಗುವ ದಪ್ಪ ಪೈಪು) ಒತ್ತಡವನ್ನು ಚದರ ಸೆಂಟಿಮೀಟರಿಗೆ 7 ಕೆ.ಜಿ.ಯಲ್ಲಿಟ್ಟು ನಡೆಸುತ್ತೇವೆ. ಹೆಡರಿನಿಂದ ಹೊರಟ ಒಂದೇ ದೊಡ್ಡ ಲೈನು ಶೆಡ್ಡಿನ ಉದ್ದಕ್ಕೂ ಮೇಲೆ ಸಾಗುತ್ತದೆ, ಅದರಿಂದ ಪ್ರತಿ ಯಂತ್ರಕ್ಕೂ ಒಂದೊಂದು ಕವಲು ಕೆಳಗಿಳಿದಿದೆ. ಕವಲು ಹೊರಡುವ ಜಾಗದಲ್ಲಿ ವಾಲ್ವ್ ಇಲ್ಲ; ಯಂತ್ರದ ಪಕ್ಕದಲ್ಲಿ, ಆಪರೇಟರ್ ಕೈಗೆ ಸಿಗುವ ಎತ್ತರದಲ್ಲಿ ಒಂದು ವಾಲ್ವ್ ಇದೆ. ಎಲ್ಲ ಯಂತ್ರಗಳ ಸ್ಟೀಮ್ ಟ್ರ್ಯಾಪ್‌ಗಳಿಂದ (ಹಬೆಯನ್ನು ತಡೆದು ನೀರನ್ನಷ್ಟೇ ಹೊರಬಿಡುವ ಸಾಧನ) ಬರುವ ಕಂಡೆನ್ಸೇಟ್, ಅಂದರೆ ಹಬೆ ತಣಿದು ಆದ ನೀರು, ಮೇಲೇರಿ, ಒಂದೇ ರಿಟರ್ನ್ ಲೈನಿಗೆ ಸೇರಿ, ಬಾಯ್ಲರ್ ಮನೆಯ ಫೀಡ್ ಟ್ಯಾಂಕಿಗೆ ಹೋಗುತ್ತದೆ.

ಕಳೆದ ತಿಂಗಳು ಒಂದು ಡ್ರೈಯರ್‌ನ ಟ್ರ್ಯಾಪ್ ಕಟ್ಟಿಕೊಂಡು ಯಂತ್ರ ಬಿಸಿಯೇರುವುದು ನಿಂತಿತು. ನಮ್ಮ ಫಿಟ್ಟರ್ ಯಂತ್ರದ ಪಕ್ಕದ ವಾಲ್ವನ್ನು ಪೂರ್ತಿಯಾಗಿ ಮುಚ್ಚಿ, ಸ್ವಲ್ಪ ಹೊತ್ತು ಕಾದು, ಟ್ರ್ಯಾಪ್‌ನ ಫ್ಲ್ಯಾಂಜ್ (ಪೈಪುಗಳನ್ನು ಜೋಡಿಸುವ ಚಪ್ಪಟೆ ಬಳೆ) ಬೋಲ್ಟುಗಳನ್ನು ಸಡಿಲಿಸಿದರು. ಎರಡನೇ ಬೋಲ್ಟು ಸಡಿಲವಾಗುತ್ತಿದ್ದಂತೆ ಕುದಿನೀರೂ ಹಬೆಯೂ ಒಟ್ಟಿಗೆ ಚಿಮ್ಮಿದವು. ಅವರು ಫ್ಲ್ಯಾಂಜ್‌ಗೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ನಿಂತಿದ್ದುದರಿಂದ ಮುಂಗೈ ಮಾತ್ರ ಸುಟ್ಟಿತು, ಮುಖ ಉಳಿಯಿತು. ಆಮೇಲೆ ಆ ವಾಲ್ವನ್ನು ಬಿಚ್ಚಿ ನೋಡಿದೆವು. ಸೀಟು (ಮುಚ್ಚಿದಾಗ ಒತ್ತಿ ಕೂರುವ ಜಾಗ) ಚೆನ್ನಾಗಿಯೇ ಇದೆ, ಅದು ಪಾಸ್ ಆಗುತ್ತಿರಲಿಲ್ಲ, ಅಂದರೆ ಮುಚ್ಚಿದ ಮೇಲೆ ಸೋರುತ್ತಿರಲಿಲ್ಲ.

ಕವಲುಗಳಿಗೆಲ್ಲ ಹೆಚ್ಚುವರಿ ಐಸೋಲೇಷನ್ ವಾಲ್ವ್‌ಗಳನ್ನು (ಲೈನಿನ ಒಂದು ಭಾಗವನ್ನು ಉಳಿದದ್ದರಿಂದ ಬೇರ್ಪಡಿಸುವ ವಾಲ್ವ್) ಹಾಕಿಸಬೇಕೆಂದು ನಾನು ಬಹಳ ಹಿಂದೆಯೇ ಆಡಳಿತದವರನ್ನು ಕೇಳಿದ್ದೆ. ಈಗ ಅವರು ಕೇಳುತ್ತಿರುವ ಪ್ರಶ್ನೆಯೂ ನ್ಯಾಯವಾಗಿಯೇ ಇದೆ: ಇದ್ದ ವಾಲ್ವ್ ಸರಿಯಾಗಿ ಮುಚ್ಚಿದ್ದರೂ ಪೆಟ್ಟಾಯಿತೆಂದ ಮೇಲೆ, ಇನ್ನಷ್ಟು ವಾಲ್ವ್‌ಗಳಿಂದ ಆಗುವ ಪ್ರಯೋಜನವೇನು? ವಾಲ್ವ್‌ಗಳು ಎಲ್ಲಿರಬೇಕು, ಯಾವ ಬಗೆಯವಾಗಿರಬೇಕು, ಒಂದು ಕಡೆಗೆ ಒಂದೇ ಸಾಕೇ ಎಂಬುದನ್ನು ಅನುಭವ ಉಳ್ಳವರು ಕಾರಣಸಹಿತ ತಿಳಿಸಿದರೆ, ಆಡಳಿತದವರ ಮುಂದೆ ಅದನ್ನೇ ಇಡುತ್ತೇನೆ.

ಬಾಯ್ಲರ್ ಮನೆ (ಉತ್ತರ)

ಸರ್, ನಿಮ್ಮ ಫಿಟ್ಟರ್ ಬೇಗ ಗುಣವಾಗಲಿ. ಅವರ ಅವಸರವೇ ಕಾರಣವೆಂದು ಬರೆದು ಫೈಲು ಮುಚ್ಚುವ ಮೊದಲು ದಯವಿಟ್ಟು ನಿಮ್ಮ ರಿಟರ್ನ್ ಲೈನನ್ನು ನೋಡಿ. ನೀವು ಬರೆದಿರುವ ಜೋಡಣೆಯಲ್ಲಿ ಹಬೆ ಬರುವ ದಿಕ್ಕನ್ನು ಮುಚ್ಚಲು ವಾಲ್ವ್ ಇದೆ, ಕಂಡೆನ್ಸೇಟ್ ಹೋಗುವ ದಿಕ್ಕನ್ನು ಮುಚ್ಚಲು ಏನೂ ಇಲ್ಲ. ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಹಾಗಾಯಿತು.

ರಿಟರ್ನ್ ಲೈನಿನಲ್ಲಿರುವುದು ಬರೀ ಬಿಸಿನೀರು ಎಂಬ ಭಾವನೆ ಅನೇಕ ಕಾರ್ಖಾನೆಗಳಲ್ಲಿದೆ. 7 ಕೆ.ಜಿ. ಒತ್ತಡದ ಹಬೆಯ ತಾಪ ಸುಮಾರು 170 ಡಿಗ್ರಿ ಸೆಲ್ಸಿಯಸ್. ಅದು ನೀರಾದ ಕ್ಷಣದಲ್ಲಿ ಆ ನೀರಿನ ತಾಪವೂ ಅಷ್ಟೇ. ಟ್ರ್ಯಾಪ್ ದಾಟಿ ಕಡಿಮೆ ಒತ್ತಡದ ಕಡೆಗೆ ಬಂದೊಡನೆ ಆ ನೀರು ನೀರಾಗಿಯೇ ಉಳಿಯಲಾರದು. ವಾತಾವರಣದ ಒತ್ತಡಕ್ಕೆ ಇಳಿದರೆ ತೂಕದಲ್ಲಿ ನೂರಕ್ಕೆ ಹದಿಮೂರು ಪಾಲಿನಷ್ಟು ಮತ್ತೆ ಹಬೆಯಾಗಿ ಏಳುತ್ತದೆ. ಹಬೆಯಾದದ್ದು ನೀರಿಗಿಂತ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ರಿಟರ್ನ್ ಲೈನಿನಲ್ಲಿ ಒತ್ತಡ ಇದ್ದೇ ಇರುತ್ತದೆ. ಇದರ ಮೇಲೆ, ನಿಮ್ಮ ಲೈನು ಮೇಲೇರಿ ಹೋಗುವುದರಿಂದ ನೀರು ತುಂಬಿದ ಪ್ರತಿ ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆ.ಜಿ.ಯಂತೆ ಒತ್ತಡ ಕೂಡುತ್ತದೆ. ಅಕ್ಕಪಕ್ಕದ ಯಾವುದಾದರೂ ಟ್ರ್ಯಾಪ್ ಕೆಟ್ಟು ಜೀವಂತ ಹಬೆಯನ್ನೇ ಬಿಡುತ್ತಿದ್ದರೆ ಆ ಒತ್ತಡವೂ ಸೇರಿಕೊಳ್ಳುತ್ತದೆ. ಉಳಿದ ಯಂತ್ರಗಳು ಓಡುತ್ತಿರುವಾಗ ಒಂದು ಟ್ರ್ಯಾಪ್‌ನ ಫ್ಲ್ಯಾಂಜನ್ನು ತೆರೆದರೆ, ಅವೆಲ್ಲದರ ಕಂಡೆನ್ಸೇಟ್ ಹಿಂದಕ್ಕೆ ತಿರುಗಿ ಆ ತೆರಪಿನ ಕಡೆಗೇ ಬರುತ್ತದೆ.

ಎರಡನೆಯ ಕಾರಣವೂ ಇದ್ದಿರಬಹುದು. ಟ್ರ್ಯಾಪ್ ಕಟ್ಟಿಕೊಂಡಿತ್ತು ಎಂದಿದ್ದೀರಿ. ಹಾಗಾದರೆ ಡ್ರೈಯರ್‌ನೊಳಗಿನ ಹಬೆ ಮತ್ತು ನೀರಿಗೆ ಹೊರಹೋಗುವ ದಾರಿಯೇ ಇರಲಿಲ್ಲ. ಸರಬರಾಜು ವಾಲ್ವನ್ನು ಮುಚ್ಚಿದ ಮೇಲೂ ಒಳಗಿನ ಒತ್ತಡ ತಣ್ಣಗಾಗುವ ವೇಗದಲ್ಲಷ್ಟೇ ಇಳಿಯುತ್ತದೆ. ಒಳಗೆ ನೀರು ತುಂಬಿಕೊಂಡ ಭಾರವಾದ ಸಿಲಿಂಡರ್ ಬೇಗ ತಣ್ಣಗಾಗುವುದಿಲ್ಲ. "ಸ್ವಲ್ಪ ಹೊತ್ತು ಕಾದು" ಎಂಬುದು ಎಷ್ಟು ಹೊತ್ತು ಎಂದು ಹೇಳಬಲ್ಲದ್ದು ಪ್ರೆಶರ್ ಗೇಜ್ ಮತ್ತು ತೆರೆದ ಡ್ರೇನ್ ಮಾತ್ರ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಕವಲು ಹೊರಡುವ ಜಾಗದಲ್ಲಿ, ಮುಖ್ಯ ಲೈನಿಗೆ ಆದಷ್ಟು ಹತ್ತಿರ ಒಂದು ವಾಲ್ವ್ ಇರಲಿ. ಯಂತ್ರದ ಪಕ್ಕದಲ್ಲಿ ಈಗಿರುವುದು ಹಾಗೆಯೇ ಇರಲಿ. ಇವೆರಡರ ನಡುವೆ ಒಂದು ಸಣ್ಣ ಡ್ರೇನ್ ವಾಲ್ವ್ ಬೇಕು. ಯಂತ್ರಕ್ಕೂ ಟ್ರ್ಯಾಪ್‌ಗೂ ನಡುವೆ ಒಂದು, ಟ್ರ್ಯಾಪ್ ದಾಟಿ ರಿಟರ್ನ್ ಲೈನಿಗೆ ಸೇರುವ ಮೊದಲು ಇನ್ನೊಂದು ಐಸೋಲೇಷನ್ ವಾಲ್ವ್ ಇರಬೇಕು, ಅವುಗಳ ನಡುವೆ ಗಾಳಿಗೆ ಬಿಡುವ ಟೆಸ್ಟ್ ಕಾಕ್ ಇರಬೇಕು. ಟ್ರ್ಯಾಪ್ ದಾಟಿದ ಮೇಲೆ ನಾನ್ ರಿಟರ್ನ್ ವಾಲ್ವ್ (ಹರಿವನ್ನು ಒಂದೇ ದಿಕ್ಕಿಗೆ ಬಿಡುವುದು) ಇದೆಯಲ್ಲ, ಅದೇ ಸಾಲದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಾಲದು. ಅದರ ಡಿಸ್ಕಿನ ಕೆಳಗೆ ತುಕ್ಕಿನ ಒಂದು ಚೂರು ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ, ಮುಚ್ಚಿಲ್ಲವೆಂದು ಹೊರಗಿನಿಂದ ತಿಳಿಯುವುದೂ ಇಲ್ಲ, ಬೀಗ ಹಾಕಲು ಅದರಲ್ಲಿ ಹ್ಯಾಂಡ್‌ವೀಲೂ ಇಲ್ಲ.

ಕೆಲಸದ ಕ್ರಮವೂ ಮುಖ್ಯ. ಮೊದಲು ಹಬೆಯ ಕಡೆಯನ್ನು, ಆಮೇಲೆ ರಿಟರ್ನ್ ಕಡೆಯನ್ನು ಮುಚ್ಚಬೇಕು. ನಂತರ ಡ್ರೇನನ್ನು ನಿಧಾನವಾಗಿ ತೆರೆದು, ಒಳಗಿರುವುದನ್ನು ಜನರಿಲ್ಲದ ಕಡೆಗೆ ಪೈಪಿನ ಮೂಲಕ ಬಿಡಬೇಕು, ಕೆಲಸ ಮುಗಿಯುವವರೆಗೂ ಆ ಡ್ರೇನ್ ತೆರೆದೇ ಇರಬೇಕು. ಇಲ್ಲಿ ಒಂದು ವಿಷಯವನ್ನು ಗಮನವಿಟ್ಟು ನೋಡಿ: ಡ್ರೇನಿನಿಂದ ಏನೂ ಬರುತ್ತಿಲ್ಲ ಎಂದರೆ ಒಳಗೆ ಒತ್ತಡವಿಲ್ಲ ಎಂದೇ ಅರ್ಥವಲ್ಲ. ಅರ್ಧ ಇಂಚಿನ ಡ್ರೇನು ಸುಣ್ಣದ ಪದರ ಮತ್ತು ತುಕ್ಕಿನ ಕೆಸರಿನಿಂದ ಸುಲಭವಾಗಿ ಕಟ್ಟಿಕೊಳ್ಳುತ್ತದೆ. ವಾಲ್ವ್ ಮುಚ್ಚುವ ಮೊದಲೇ, ಒತ್ತಡವಿರುವಾಗಲೇ ಡ್ರೇನನ್ನು ಒಂದು ಕ್ಷಣ ತೆರೆದು ಹಬೆ ಬರುತ್ತಿದೆಯೆಂದು ಖಚಿತಪಡಿಸಿಕೊಂಡರೆ, ಮುಚ್ಚಿದ ಮೇಲೆ ಅದು ನಿಂತದ್ದನ್ನು ನಂಬಬಹುದು.

ಪ್ರೊಸೆಸ್ ಸೇಫ್ಟಿ, ಬೊಮ್ಮಸಂದ್ರ (ಉತ್ತರ)

ಮೇಲಿನ ಉತ್ತರ ನಿಮ್ಮ ಘಟನೆಯ ಮೂಲವನ್ನು ಸರಿಯಾಗಿಯೇ ಹಿಡಿದಿದೆ. ನಾನು ಔಷಧ ತಯಾರಿಕೆಯ ಕಡೆಯವನು, ದ್ರಾವಕಗಳ ಲೈನುಗಳ ಜೊತೆ ದಿನವೂ ಕೆಲಸ ಮಾಡುವವನು. ಆಡಳಿತದವರ ಪ್ರಶ್ನೆಗೆ ಆ ಕಡೆಯಿಂದ ಉತ್ತರಿಸುತ್ತೇನೆ.

ಐಸೋಲೇಷನ್ ವಾಲ್ವ್ ಸುರಕ್ಷತೆಗೆ ಎರಡು ಬೇರೆ ಬೇರೆ ರೀತಿಯಲ್ಲಿ ನೆರವಾಗುತ್ತದೆ, ಎರಡಕ್ಕೂ ವಾಲ್ವ್ ಇರಬೇಕಾದ ಜಾಗ ಬೇರೆ. ಒಂದು, ರಿಪೇರಿಗೆ ತೆರೆಯುವ ಭಾಗವನ್ನು ಒತ್ತಡದಲ್ಲಿರುವ ಭಾಗದಿಂದ ಬೇರ್ಪಡಿಸುವುದು. ಇನ್ನೊಂದು, ಸೋರಿಕೆ ಆದಾಗ ಹರಿದು ಹೋಗುವ ಪ್ರಮಾಣಕ್ಕೆ ಮಿತಿ ಹಾಕುವುದು. ಗ್ಯಾಸ್ಕೆಟ್ ಒಡೆದಾಗ ಸುರಿಯುವುದು ಆ ಒಡಕಿಗೂ ಅದಕ್ಕೆ ಹತ್ತಿರದ ಮುಚ್ಚಬಲ್ಲ ವಾಲ್ವ್‌ಗೂ ನಡುವೆ ಇರುವಷ್ಟು ಸರಕು, ಅದರ ಜೊತೆಗೆ ಆ ವಾಲ್ವನ್ನು ಮುಚ್ಚುವವರೆಗೆ ಹರಿದುಬರುವಷ್ಟು. ಈ ಎರಡನೆಯ ಅಂಶವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ವಾಲ್ವ್ ಎಷ್ಟು ದೂರದಲ್ಲಿದೆ ಎಂಬಷ್ಟೇ ಮುಖ್ಯವಾದದ್ದು ಸೋರುತ್ತಿರುವಾಗಲೂ ಮನುಷ್ಯ ಅದರ ಹತ್ತಿರ ಹೋಗಬಲ್ಲನೇ ಎಂಬುದು.

ಜೈಪುರದ ಸೀತಾಪುರದ ತೈಲ ಸಂಗ್ರಹಾಗಾರದಲ್ಲಿ 2009ರ ಅಕ್ಟೋಬರ್ 29ರ ಸಂಜೆ ನಡೆದದ್ದು ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ. ಪೆಟ್ರೋಲ್ ಟ್ಯಾಂಕಿನ ಹೊರ ಲೈನಿನಲ್ಲಿ ಮೋಟಾರ್ ಚಾಲಿತ ವಾಲ್ವ್ ಮತ್ತು ಅದರ ಮುಂದೆ ಹ್ಯಾಮರ್ ಬ್ಲೈಂಡ್ ಎಂಬ, ಪೈಪಿಗೆ ಗಟ್ಟಿ ತಟ್ಟೆ ಅಡ್ಡ ಹಾಕಿ ಮುಚ್ಚುವ ಸಾಧನ ಇದ್ದವು. ಹ್ಯಾಮರ್ ಬ್ಲೈಂಡನ್ನು ತಿರುಗಿಸಲು ಅದರ ಬಾಯಿಯನ್ನೇ ತೆರೆಯಬೇಕು, ಆದ್ದರಿಂದ ಆ ಹೊತ್ತಿನಲ್ಲಿ ಹಿಂದಿನ ವಾಲ್ವ್ ಮುಚ್ಚಿರಲೇಬೇಕು. ಅಂದು ಅದು ಮುಚ್ಚಿರಲಿಲ್ಲ. ಪೆಟ್ರೋಲ್ ಬುಗ್ಗೆಯಂತೆ ಚಿಮ್ಮಿ, ಅಲ್ಲಿದ್ದವರು ಆವಿಯಿಂದ ಉಸಿರುಕಟ್ಟಿ ಹತ್ತಿರ ಸುಳಿಯಲಾರದಾದರು. ನಿಯಂತ್ರಣ ಕೊಠಡಿಯಲ್ಲಿ ಕುಳಿತು ಆ ವಾಲ್ವನ್ನು ಮುಚ್ಚುವ ಸೌಲಭ್ಯ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಒಂದು ಗಂಟೆಗೂ ಹೆಚ್ಚು ಕಾಲ ಸುಮಾರು ಸಾವಿರ ಟನ್ ಪೆಟ್ರೋಲ್ ಹರಿದ ಮೇಲೆ ಆವಿಯ ಮೋಡ ಹೊತ್ತಿಕೊಂಡಿತು, ಹನ್ನೊಂದು ಮಂದಿ ಸತ್ತರು. ಅಲ್ಲಿ ವಾಲ್ವ್‌ಗಳ ಕೊರತೆ ಇರಲಿಲ್ಲ. ಮುಚ್ಚುವ ಕ್ರಮ ತಪ್ಪಿತ್ತು, ದೂರದಿಂದ ಮುಚ್ಚುವ ದಾರಿ ಇರಲಿಲ್ಲ.

"ಒಂದೇ ವಾಲ್ವ್ ಸಾಕೇ" ಎಂಬ ನಿಮ್ಮ ಪ್ರಶ್ನೆಗೆ 1989ರ ಅಕ್ಟೋಬರ್ 23ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಪಸಡೀನಾದಲ್ಲಿ ನಡೆದ ದುರಂತ ಉತ್ತರ ಕೊಡುತ್ತದೆ. ಪಾಲಿಎಥಿಲೀನ್ ರಿಯಾಕ್ಟರಿನ ಕೆಳಗಿನ ಒಂದು ಕಾಲುಪೈಪು ಕಟ್ಟಿಕೊಂಡು, ಅದನ್ನು ಬಿಡಿಸುವ ಕೆಲಸ ನಡೆದಿತ್ತು. ರಿಯಾಕ್ಟರಿಗೂ ತೆರೆದ ಪೈಪಿಗೂ ನಡುವೆ ಇದ್ದದ್ದು ಗಾಳಿಯ ಒತ್ತಡದಿಂದ ಚಲಿಸುವ ಒಂದೇ ಒಂದು ಬಾಲ್ ವಾಲ್ವ್. ಅದಕ್ಕೆ ಗಾಳಿ ಕೊಡುವ ಎರಡು ಹೋಸ್‌ಗಳು ಅದಲುಬದಲಾಗಿ ಜೋಡಣೆಯಾಗಿದ್ದವು. ಸ್ವಿಚ್ಚು ಮುಚ್ಚುವ ಕಡೆಗಿದ್ದರೂ ವಾಲ್ವ್ ತೆರೆಯಿತು, 23 ಮಂದಿ ಸತ್ತರು. ಎರಡನೇ ವಾಲ್ವ್ ಅಥವಾ ಬ್ಲೈಂಡ್ ಫ್ಲ್ಯಾಂಜ್ (ಪೈಪಿನ ತುದಿ ಮುಚ್ಚುವ, ನಡುವೆ ತೂತಿಲ್ಲದ ತಟ್ಟೆ) ಇದ್ದಿದ್ದರೆ, ಅಥವಾ ಆ ಗಾಳಿಯ ಹೋಸ್‌ಗಳನ್ನು ಕಳಚಿಟ್ಟು ವಾಲ್ವಿಗೆ ಬೀಗ ಹಾಕಿದ್ದಿದ್ದರೆ, ಆ ಒಂದು ತಪ್ಪು ತಪ್ಪಾಗಿಯೇ ಉಳಿದು ಸಾವಿನವರೆಗೆ ಹೋಗುತ್ತಿರಲಿಲ್ಲ.

ಈ ಕಾರಣದಿಂದಲೇ ಅಪಾಯದ ಮಟ್ಟಕ್ಕೆ ತಕ್ಕಂತೆ ಬೇರ್ಪಡಿಸುವಿಕೆಯಲ್ಲೂ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಭದ್ರವಾದದ್ದು ಪೈಪಿನ ತುಂಡನ್ನೇ ತೆಗೆದು ತುದಿಗೆ ಬ್ಲೈಂಡ್ ಫ್ಲ್ಯಾಂಜ್ ಕಟ್ಟುವುದು, ಅಥವಾ ಎರಡು ಫ್ಲ್ಯಾಂಜ್‌ಗಳ ನಡುವೆ ಸ್ಪೇಡ್ ಅಥವಾ ಸ್ಪೆಕ್ಟಕಲ್ ಬ್ಲೈಂಡ್ ಎಂಬ ಗಟ್ಟಿ ತಟ್ಟೆ ಹಾಕುವುದು. ಟ್ಯಾಂಕು, ವೆಸೆಲ್, ಬಾಯ್ಲರ್ ಡ್ರಮ್ಮಿನೊಳಗೆ ಮನುಷ್ಯ ಇಳಿಯುವುದಾದರೆ ಇದಕ್ಕಿಂತ ಕಡಿಮೆಯದನ್ನು ಒಪ್ಪಿಕೊಳ್ಳಬಾರದು, ಏಕೆಂದರೆ ಒಳಗಿರುವವನಿಗೆ ಓಡಿ ತಪ್ಪಿಸಿಕೊಳ್ಳುವ ಅವಕಾಶವಿಲ್ಲ. ಅದರ ಕೆಳಗಿನ ಮೆಟ್ಟಿಲು ಡಬಲ್ ಬ್ಲಾಕ್ ಅಂಡ್ ಬ್ಲೀಡ್: ಸಾಲಾಗಿ ಎರಡು ವಾಲ್ವ್ ಮುಚ್ಚಿ, ನಡುವಿನ ಬ್ಲೀಡನ್ನು (ಸೋರಿದ್ದನ್ನು ಹೊರಬಿಡುವ ಸಣ್ಣ ವಾಲ್ವ್) ತೆರೆದಿಡುವುದು. ಇದರ ಶಕ್ತಿ ವಾಲ್ವ್‌ಗಳ ಸಂಖ್ಯೆಯಲ್ಲಿಲ್ಲ, ನಡುವಿನ ಬ್ಲೀಡಿನಲ್ಲಿದೆ. ಮೊದಲನೇ ವಾಲ್ವ್ ಪಾಸ್ ಆದರೆ ಸೋರಿದ್ದು ಎರಡನೆಯದರ ಮೇಲೆ ಒತ್ತಡ ಹಾಕದೆ ಬ್ಲೀಡಿನಿಂದ ಹೊರಬಂದು ಕಣ್ಣಿಗೆ ಕಾಣುತ್ತದೆ. ನಿಮ್ಮ ಬಾಯ್ಲರ್ ಗ್ಯಾಸಿನಲ್ಲಿ ನಡೆಯುವುದಾಗಿದ್ದರೆ ಬರ್ನರಿನ ಗ್ಯಾಸ್ ಟ್ರೇನನ್ನು (ಬರ್ನರಿಗೆ ಗ್ಯಾಸ್ ತರುವ ಪೈಪು, ವಾಲ್ವ್‌ಗಳ ಸಾಲು) ನೋಡಿ, ಎರಡು ಶಟಾಫ್ ವಾಲ್ವ್‌ಗಳು ಸಾಲಾಗಿ ಇದ್ದೇ ಇರುತ್ತವೆ; ಅನೇಕ ಬರ್ನರುಗಳಲ್ಲಿ ಅವುಗಳ ನಡುವೆ ವೆಂಟೂ ಇರುತ್ತದೆ. ಎಲ್ಲಕ್ಕಿಂತ ಕೆಳಗಿನದು ಬ್ಲೀಡಿಲ್ಲದ ಒಂದೇ ವಾಲ್ವ್. ತಣ್ಣೀರಿಗೆ, ಕಡಿಮೆ ಒತ್ತಡದ ಗಾಳಿಗೆ ಅದು ನಡೆದೀತು. ಕ್ಯಾಟಲಾಗ್ ನೋಡುವಾಗ ಒಂದು ಎಚ್ಚರಿಕೆ ಇರಲಿ: ಎರಡು ಸೀಟು ಮತ್ತು ಬಾಡಿಯಲ್ಲಿ ಒಂದು ಡ್ರೇನ್ ಇರುವ ಒಂದೇ ಬಾಲ್ ವಾಲ್ವನ್ನೂ ಡಬಲ್ ಬ್ಲಾಕ್ ಅಂಡ್ ಬ್ಲೀಡ್ ಎಂದೇ ಮಾರುತ್ತಾರೆ. ಅದರಲ್ಲಿ ಬಾಲ್ ಒಂದೇ, ಸ್ಪಿಂಡಲ್ ಒಂದೇ. ಸ್ಪಿಂಡಲ್ ಮುರಿದರೆ ಎರಡೂ ಸೀಟುಗಳು ಒಟ್ಟಿಗೆ ವ್ಯರ್ಥವಾಗುತ್ತವೆ. ಮನುಷ್ಯರ ಪ್ರಾಣ ನಿಂತಿರುವ ಕಡೆ ಎರಡು ಬೇರೆ ಬೇರೆ ವಾಲ್ವ್‌ಗಳನ್ನೇ ಹಾಕಿಸಿ.

ಕಾನೂನಿನ ಮಾತೂ ಆಡಳಿತದವರಿಗೆ ಬೇಕಾಗಬಹುದು. ಸ್ಫೋಟಕ ಅಥವಾ ಉರಿಯುವ ಅನಿಲ ಒತ್ತಡದಲ್ಲಿರುವ ಭಾಗದ ಜೋಡಣೆಯನ್ನು ಸಡಿಲಿಸುವ ಮೊದಲು ಹರಿವನ್ನು ಸ್ಟಾಪ್ ವಾಲ್ವಿನಿಂದ ಅಥವಾ ಬೇರೆ ವಿಧಾನದಿಂದ ಪರಿಣಾಮಕಾರಿಯಾಗಿ ನಿಲ್ಲಿಸಬೇಕು, ಒಳಗಿನ ಒತ್ತಡವನ್ನು ವಾತಾವರಣದ ಮಟ್ಟಕ್ಕೆ ಇಳಿಸಲು ಸಾಧ್ಯವಿರುವುದನ್ನೆಲ್ಲ ಮಾಡಬೇಕು, ಮತ್ತೆ ಜೋಡಿಸುವವರೆಗೂ ಅನಿಲ ಒಳಬರದಂತೆ ನೋಡಿಕೊಳ್ಳಬೇಕು ಎಂದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 37ನೇ ಕಲಮಿನಲ್ಲೇ ಬರೆದಿತ್ತು. ಹಬೆ ಉರಿಯುವ ಅನಿಲವಲ್ಲ, ನಿಜ. ಆದರೆ ನಿಲ್ಲಿಸು, ಒತ್ತಡ ಇಳಿಸು, ಮತ್ತೆ ಬರದಂತೆ ತಡೆ ಎಂಬ ಆ ಮೂರು ಹೆಜ್ಜೆಗಳಲ್ಲಿ ಹಬೆಗೆ ಹೊಂದದ್ದು ಯಾವುದೂ ಇಲ್ಲ. ಮೂರನೆಯದಕ್ಕೆ ಬೀಗ ಬೇಕು. ಹ್ಯಾಂಡ್‌ವೀಲಿಗೆ ಸರಪಳಿ ಸುತ್ತಿ ಬೀಗ ಹಾಕಿ, ಬೀಗದ ಕೈ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು, ಸೂಪರ್‌ವೈಸರ್ ಮೇಜಿನ ಡ್ರಾಯರಿನಲ್ಲಲ್ಲ.

ವಾಲ್ವ್ ಸರ್ವಿಸ್, ರಾಜಾಜಿನಗರ (ಉತ್ತರ)

ಬಗೆಗಳ ಬಗ್ಗೆ ಕೇಳಿದ್ದೀರಿ, ಅಷ್ಟಕ್ಕೆ ಉತ್ತರಿಸುತ್ತೇನೆ.

ನಮ್ಮ ವರ್ಕ್‌ಶಾಪಿಗೆ ಬರುವ ಗೇಟ್ ವಾಲ್ವ್‌ಗಳಲ್ಲಿ ಸೀಟಿನ ಒಂದೇ ಅಂಚು ಕೊರೆದುಹೋಗಿರುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಕಾರಣ ಒಂದೇ: ಪೂರ್ತಿ ತೆರೆದು ಅಥವಾ ಪೂರ್ತಿ ಮುಚ್ಚಿ ಇಡಬೇಕಾದ ವಾಲ್ವನ್ನು ಅರ್ಧ ತೆರೆದು ಹಬೆಯನ್ನು ಹೆಚ್ಚುಕಡಿಮೆ ಮಾಡಲು ಬಳಸಿರುತ್ತಾರೆ. ಕಿರಿದಾದ ಸಂದಿಯಲ್ಲಿ ವೇಗವಾಗಿ ನುಗ್ಗುವ ಒದ್ದೆ ಹಬೆ ಲೋಹವನ್ನೇ ಗೀರಿ ತೆಗೆಯುತ್ತದೆ. ಅಂಥ ವಾಲ್ವ್ ಆಮೇಲೆ ಎಷ್ಟು ಬಿಗಿ ಮಾಡಿದರೂ ಪಾಸ್ ಆಗುತ್ತದೆ. ಹರಿವಿನ ನಿಯಂತ್ರಣಕ್ಕೆ ಬೇರೆ ವಾಲ್ವ್ ಇರಲಿ, ಐಸೋಲೇಷನ್ ವಾಲ್ವನ್ನು ಅದೊಂದೇ ಕೆಲಸಕ್ಕೆ ಮೀಸಲಿಡಿ. ಕಂಟ್ರೋಲ್ ವಾಲ್ವ್ ಮುಚ್ಚಿದೆ ಎಂಬ ಭರವಸೆಯ ಮೇಲೆ ಲೈನನ್ನು ಬಿಚ್ಚುವ ರೂಢಿ ಕೆಲವು ಕಡೆ ಇದೆ, ಅದು ತಪ್ಪು. ಗಾಳಿ ಅಥವಾ ಸಿಗ್ನಲ್ ತಪ್ಪಿದರೆ ಅದು ತನ್ನಷ್ಟಕ್ಕೆ ತೆರೆದುಕೊಳ್ಳಬಹುದು.

ನಿಮ್ಮ 7 ಕೆ.ಜಿ. ಹಬೆಗೆ ಪಿಸ್ಟನ್ ವಾಲ್ವ್ ಅಥವಾ ಬೆಲ್ಲೋಸ್ ಸೀಲ್ ಇರುವ ಗ್ಲೋಬ್ ವಾಲ್ವ್ ಒಳ್ಳೆಯದು, ಗ್ಲ್ಯಾಂಡ್ ಸೋರಿಕೆಯ (ಸ್ಪಿಂಡಲ್ ಸುತ್ತಲಿನ ಸೋರಿಕೆ) ಕಾಟವೂ ಕಡಿಮೆ. ಬಾಲ್ ವಾಲ್ವಿಗೆ ದೊಡ್ಡ ಅನುಕೂಲವೊಂದಿದೆ: ಹ್ಯಾಂಡಲ್ ಪೈಪಿಗೆ ಅಡ್ಡಲಾಗಿದ್ದರೆ ಮುಚ್ಚಿದೆ ಎಂದು ಶೆಡ್ಡಿನ ಆ ತುದಿಯಿಂದಲೇ ಕಾಣುತ್ತದೆ. ಆದರೆ ಅದರ ಟೆಫ್ಲಾನ್ ಸೀಟಿಗೆ ಎಷ್ಟು ತಾಪದಲ್ಲಿ ಎಷ್ಟು ಒತ್ತಡ ತಡೆಯುವ ಶಕ್ತಿಯಿದೆ ಎಂಬ ತಯಾರಕರ ಪಟ್ಟಿ ನೋಡದೆ ಹಬೆಗೆ ಹಾಕಬೇಡಿ. ಅಲ್ಲದೆ ಕಾಲು ಸುತ್ತು ತಿರುಗಿಸಿದೊಡನೆ ಪೂರ್ತಿ ತೆರೆದುಬಿಡುವ ವಾಲ್ವನ್ನು ತಣ್ಣಗಿರುವ ಲೈನಿಗೆ ಒಮ್ಮೆಲೇ ತೆರೆದರೆ ವಾಟರ್ ಹ್ಯಾಮರ್ ಆಗುತ್ತದೆ, ಅಂದರೆ ಹಬೆ ತಳ್ಳಿದ ನೀರು ಪೈಪಿಗೆ ಜೋರಾಗಿ ಬಡಿಯುತ್ತದೆ.

ಬಟರ್‌ಫ್ಲೈ ವಾಲ್ವ್‌ಗಳನ್ನು ನೀರಿನ ಲೈನುಗಳಲ್ಲಿ ಹೇರಳವಾಗಿ ಬಳಸುತ್ತೇವೆ. ಅದರಲ್ಲಿ ವೇಫರ್ ಬಗೆಯದು ಎರಡು ಫ್ಲ್ಯಾಂಜ್‌ಗಳ ನಡುವೆ ಉದ್ದ ಬೋಲ್ಟುಗಳ ಬಿಗಿಯಿಂದ ನಿಂತಿರುತ್ತದೆ. ಮುಂದಿನ ಪೈಪನ್ನು ಬಿಚ್ಚಲು ಆ ಬೋಲ್ಟುಗಳನ್ನು ತೆಗೆದರೆ ವಾಲ್ವೇ ಕಳಚಿಕೊಳ್ಳುತ್ತದೆ, ಹಿಂದಿನ ಒತ್ತಡವೆಲ್ಲ ಹೊರಬರುತ್ತದೆ. ಮುಂದಿನ ಭಾಗವನ್ನು ಬಿಚ್ಚುವ ಉದ್ದೇಶವಿದ್ದರೆ ಎರಡು ಕಡೆಯಿಂದಲೂ ಬೇರೆ ಬೇರೆ ಬೋಲ್ಟ್ ಹಾಕುವ ಲಗ್ ಬಗೆಯದನ್ನೇ ತೆಗೆದುಕೊಳ್ಳಿ, ಮುಂದೆ ಪೈಪಿಲ್ಲದೆಯೂ ಎಷ್ಟು ಒತ್ತಡ ತಡೆಯುತ್ತದೆಂದು ಕೊಳ್ಳುವ ಮೊದಲೇ ಕೇಳಿ. ಗೇರ್‌ಬಾಕ್ಸ್ ಇರುವ ವಾಲ್ವ್‌ಗಳಲ್ಲಿ ಒಳಗಿನ ಪಿನ್ ಕತ್ತರಿಸಿಹೋಗಿ, ಮುಳ್ಳು "ಮುಚ್ಚಿದೆ" ಎಂದು ತೋರಿಸುತ್ತಿದ್ದರೂ ಡಿಸ್ಕು ತೆರೆದೇ ಇದ್ದ ಉದಾಹರಣೆಗಳು ನಮ್ಮ ಬೆಂಚಿನ ಮೇಲೆ ಬಂದಿವೆ. ಮುಳ್ಳನ್ನು ನಂಬಬೇಡಿ, ಬ್ಲೀಡನ್ನು ನಂಬಿ.

ಜಿಗಣಿ ಪ್ಲಾಂಟ್ (ಉತ್ತರ)

ಮೇಲಿನವರ ಮಾತುಗಳನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸಬೇಕೆನಿಸುತ್ತದೆ. ವಾಲ್ವ್ ಹಾಕಿದ ಮಾತ್ರಕ್ಕೆ ಲೈನು ಸುರಕ್ಷಿತವಾಗುವುದಿಲ್ಲ. ಕೆಲವು ಕಡೆ ವಾಲ್ವೇ ಹೊಸ ಅಪಾಯವನ್ನು ತರುತ್ತದೆ.

ಬಾಯ್ಲರಿಗೂ ಅದರ ಸೇಫ್ಟಿ ವಾಲ್ವಿಗೂ ನಡುವೆ ಯಾವ ವಾಲ್ವೂ ಇರಕೂಡದು. "ಸೇಫ್ಟಿ ವಾಲ್ವ್ ರಿಪೇರಿಗೆ ಅನುಕೂಲವಾಗಲಿ" ಎಂದು ಯಾರಾದರೂ ಸೂಚಿಸಿದರೆ ದಯವಿಟ್ಟು ಒಪ್ಪಬೇಡಿ. ಅಂಥ ವಾಲ್ವ್ ಒಮ್ಮೆ ಮುಚ್ಚಿಯೇ ಉಳಿದರೆ ಬಾಯ್ಲರಿನ ಕೊನೆಯ ರಕ್ಷಣೆಯೇ ಹೋಯಿತು.

ಎರಡನೆಯದಾಗಿ, ನಾವು ಅಮೋನಿಯಾ ಶೀತಲೀಕರಣ ನಡೆಸುತ್ತೇವೆ. ದ್ರವ ಅಮೋನಿಯಾ ತುಂಬಿದ ಪೈಪಿನ ಎರಡೂ ತುದಿಯ ವಾಲ್ವ್‌ಗಳನ್ನು ಮುಚ್ಚಿಬಿಟ್ಟರೆ, ಸುತ್ತಲಿನ ಶಾಖಕ್ಕೆ ದ್ರವ ಹಿಗ್ಗಲು ಜಾಗವಿಲ್ಲದೆ ಒತ್ತಡ ಪೈಪನ್ನೋ ವಾಲ್ವನ್ನೋ ಸೀಳುವ ಮಟ್ಟಕ್ಕೆ ಏರುತ್ತದೆ. ದ್ರವ ಸಿಕ್ಕಿಕೊಳ್ಳಬಹುದಾದ ಪ್ರತಿ ತುಂಡಿಗೂ ರಿಲೀಫ್ ವಾಲ್ವ್ ಬೇಕಾಗುತ್ತದೆ. ಎಲ್‌ಪಿಜಿ, ಕ್ಲೋರಿನ್ ಲೈನುಗಳಿಗೂ ಇದೇ ಮಾತು.

ಹಬೆಯಲ್ಲಿ ಈ ಅಪಾಯ ಬೇರೆ ರೂಪದಲ್ಲಿ ಬರುತ್ತದೆ. ಕವಲಿನ ವಾಲ್ವ್ ಮುಖ್ಯ ಲೈನಿನಿಂದ ದೂರದಲ್ಲಿದ್ದರೆ, ಅದನ್ನು ಮುಚ್ಚಿದಾಗ ಆ ವಾಲ್ವಿನ ಮೇಲೆ ನಿಂತ ಹಬೆ ತಣಿದು ನೀರಾಗಿ ತುಂಬಿಕೊಳ್ಳುತ್ತದೆ. ರಿಪೇರಿ ಮುಗಿದು ವಾಲ್ವ್ ತೆರೆದಾಗ ಆ ನೀರಿನ ಮುದ್ದೆ ಹಬೆಯ ವೇಗದಲ್ಲಿ ಹಾರಿ ಮೊದಲ ಬೆಂಡಿಗೆ ಬಡಿಯುತ್ತದೆ. ಫ್ಲ್ಯಾಂಜ್ ಬಿಚ್ಚುವಾಗ ಆಗದ ಅಪಘಾತ ಆಗ ಆಗುತ್ತದೆ. ಆದ್ದರಿಂದ ಕವಲನ್ನು ಮುಖ್ಯ ಪೈಪಿನ ಮೇಲ್ಭಾಗದಿಂದ ತೆಗೆದು, ವಾಲ್ವನ್ನು ಅದರ ಬುಡದಲ್ಲೇ, ಅಡ್ಡಲಾಗಿರುವ ಭಾಗದಲ್ಲಿ ಕೂರಿಸಬೇಕು ಎಂಬುದಕ್ಕೆ ಒತ್ತು ಕೊಡುತ್ತೇನೆ. ಆ ವಾಲ್ವ್ ಶೆಡ್ಡಿನ ಎತ್ತರದಲ್ಲಿರುವುದರಿಂದ ಅಲ್ಲಿಗೆ ಹೋಗಲು ಗಟ್ಟಿಯಾದ ಪ್ಲಾಟ್‌ಫಾರ್ಮ್, ಇಲ್ಲವೇ ಕೆಳಗಿನಿಂದ ತಿರುಗಿಸಲು ಚೈನ್ ವೀಲ್ ಬೇಕು. ಏಣಿ ಹುಡುಕಿಕೊಂಡು ಬರಬೇಕಾದ ವಾಲ್ವನ್ನು ರಾತ್ರಿ ಪಾಳಿಯಲ್ಲಿ ಯಾರೂ ಮುಚ್ಚುವುದಿಲ್ಲ.

ಪೀಣ್ಯ ಮೆಂಟೆನೆನ್ಸ್ (ಪ್ರತಿಕ್ರಿಯೆ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಶಿಫ್ಟ್ ಮುಗಿದ ಮೇಲೆ ರಿಟರ್ನ್ ಲೈನಿಗೆ ತಾತ್ಕಾಲಿಕವಾಗಿ ಗೇಜ್ ಹಾಕಿಸಿ ಇಂದು ಬೆಳಿಗ್ಗೆ ನೋಡಿದೆವು. ಎಲ್ಲ ಯಂತ್ರಗಳೂ ಓಡುತ್ತಿರುವಾಗ ಅಲ್ಲಿ ಒಂದೂವರೆ ಕೆ.ಜಿ.ಗೂ ಮೇಲೆ ಒತ್ತಡವಿದೆ. ಇದನ್ನು ಕಣ್ಣಾರೆ ಕಂಡ ಮೇಲೆ ಆಡಳಿತದವರು ಕೆಲಸಕ್ಕೆ ಒಪ್ಪಿದ್ದಾರೆ. ಆದರೆ ಪೂರ್ತಿ ನಿಲುಗಡೆ ಸಿಗುವುದು ಆಯುಧ ಪೂಜೆಯ ರಜೆಯಲ್ಲಿ ಮಾತ್ರ, ಅಷ್ಟರಲ್ಲಿ ಎಲ್ಲ ಕವಲುಗಳನ್ನೂ ಮಾಡಿ ಮುಗಿಸಲಾಗದು. ಯಾವುದನ್ನು ಮೊದಲು ಹಿಡಿಯಬೇಕು? ಅಲ್ಲಿಯವರೆಗೆ ಟ್ರ್ಯಾಪ್ ಕೆಟ್ಟರೆ ಏನು ಮಾಡಬೇಕು? ಹೆಡರಿನ ಮುಖ್ಯ ವಾಲ್ವ್ ಕೂಡ ಸ್ವಲ್ಪ ಪಾಸ್ ಆಗುತ್ತಿದೆ ಎಂದು ಬಾಯ್ಲರ್ ಆಪರೇಟರ್ ಹೇಳುತ್ತಿದ್ದಾರೆ. ನಮ್ಮಲ್ಲಿ ಈ ಕೆಲಸಕ್ಕೆ ಬರುವ ಗುತ್ತಿಗೆ ಕಾರ್ಮಿಕರಲ್ಲಿ ಬಿಹಾರ, ಒಡಿಶಾದವರು ಹೆಚ್ಚು ಎಂಬುದನ್ನೂ ಗಮನದಲ್ಲಿಟ್ಟು ಹೇಳಿ.

ಬಾಯ್ಲರ್ ಮನೆ (ಉತ್ತರ)

ಗೇಜ್ ಹಾಕಿಸಿ ನೋಡಿದ್ದು ಬಹಳ ಒಳ್ಳೆಯ ಕೆಲಸ ಸರ್.

ಮೊದಲು ಹೆಡರಿನ ಮುಖ್ಯ ವಾಲ್ವನ್ನು ಸರಿಪಡಿಸಿ, ಏಕೆಂದರೆ ಉಳಿದ ಎಲ್ಲ ವಾಲ್ವ್‌ಗಳ ಕೆಲಸವನ್ನೂ ಅದರ ಭರವಸೆಯ ಮೇಲೆಯೇ ಮಾಡಬೇಕಾಗುತ್ತದೆ. ಆ ಕೆಲಸಕ್ಕೆ ಬಾಯ್ಲರನ್ನೇ ಆರಿಸಿ ಒತ್ತಡ ಪೂರ್ತಿ ಇಳಿಸಬೇಕು, ಹಾಗಾಗಿ ರಜೆಯ ಮೊದಲ ದಿನವೇ ಅದು ಮುಗಿಯಲಿ. ಹಬೆಯ ಲೈನು 3.5 ಕೆ.ಜಿ.ಗಿಂತ ಹೆಚ್ಚಿನ ಒತ್ತಡದ್ದಾದ್ದರಿಂದ ಅದು ಭಾರತೀಯ ಬಾಯ್ಲರ್ ನಿಯಮಾವಳಿಯ ವ್ಯಾಪ್ತಿಗೆ ಬರುತ್ತದೆ. ಹೊಸ ವಾಲ್ವ್ ಮತ್ತು ಪೈಪುಗಳಿಗೆ ಅದರ ಪ್ರಮಾಣಪತ್ರ ಬೇಕು, ವೆಲ್ಡರಿಗೂ ಬೇಕು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ಕಚೇರಿಗೆ ನಕ್ಷೆ ಕೊಡುವ ಕೆಲಸವನ್ನು ಈಗಲೇ ಆರಂಭಿಸಿ, ಹಬ್ಬ ಹತ್ತಿರವಾದ ಮೇಲೆ ಓಡಾಡಿದರೆ ಆಗುವುದಿಲ್ಲ.

ಆಮೇಲೆ ಟ್ರ್ಯಾಪ್‌ಗಳ ಹಿಂದಿನ, ಅಂದರೆ ರಿಟರ್ನ್ ಕಡೆಯ ವಾಲ್ವ್‌ಗಳನ್ನು ಎಲ್ಲ ಯಂತ್ರಗಳಿಗೂ ಹಾಕಿಸಿ. ಅವು ಸಣ್ಣ ಗಾತ್ರದವು, ಖರ್ಚು ಕಡಿಮೆ, ಮತ್ತು ನಿಮ್ಮಲ್ಲಿ ಏನೂ ರಕ್ಷಣೆಯಿಲ್ಲದೆ ಇರುವ ಕಡೆ ಅದೇ. ಟ್ರ್ಯಾಪ್‌ಗಳ ಯಂತ್ರದ ಕಡೆಯ ಡ್ರೇನ್‌ಗಳನ್ನೂ ಅದೇ ಸಮಯದಲ್ಲಿ ಮಾಡಿಸಿ. ಮೇಲಿನ ಕವಲಿನ ವಾಲ್ವ್‌ಗಳನ್ನು, ಪದೇ ಪದೇ ಬಿಚ್ಚಬೇಕಾಗುವ ಡ್ರೈಯರ್‌ಗಳಿಂದ ಆರಂಭಿಸಿ, ಸಾಧ್ಯವಾದಷ್ಟು ಮುಗಿಸಿ ಉಳಿದದ್ದನ್ನು ಮುಂದಿನ ನಿಲುಗಡೆಗೆ ಇಡಬಹುದು.

ಅಲ್ಲಿಯವರೆಗೆ ಯಾವುದೇ ಟ್ರ್ಯಾಪ್ ಕೆಟ್ಟರೂ, ಉಳಿದ ಯಂತ್ರಗಳು ಓಡುತ್ತಿರುವಾಗ ಅದನ್ನು ಬಿಚ್ಚಬೇಡಿ. ಆ ಒಂದು ಯಂತ್ರ ನಿಂತಿರಲಿ. ಶಿಫ್ಟ್ ಮುಗಿದು, ಎಲ್ಲ ಯಂತ್ರಗಳಿಗೂ ಹಬೆ ನಿಂತು, ರಿಟರ್ನ್ ಲೈನಿನ ಗೇಜ್ ಸೊನ್ನೆಗೆ ಬಂದು, ಹೆಡರಿನ ಡ್ರೇನ್ ತೆರೆದ ಮೇಲೆಯೇ ಬಿಚ್ಚಿ. ಮುಖ್ಯ ವಾಲ್ವ್ ಪಾಸ್ ಆಗುತ್ತಿರುವುದರಿಂದ ಸೋರಿದ ಹಬೆ ಆ ತೆರೆದ ಡ್ರೇನಿನಿಂದ ಹೊರಹೋಗಬೇಕು, ಲೈನಿನಲ್ಲಿ ಕೂಡಿಕೊಳ್ಳಬಾರದು. ಡ್ರೇನಿನಿಂದ ಬರುವುದು ಬರೀ ಆವಿಯ ಎಳೆಯಾಗಿರದೆ ಜೋರಾಗಿದ್ದರೆ ಅಂದು ಬಾಯ್ಲರನ್ನೇ ಆರಿಸಿ. ಬೋಲ್ಟುಗಳನ್ನು ಸಡಿಲಿಸುವಾಗ ತಮ್ಮಿಂದ ದೂರದ ಬೋಲ್ಟನ್ನು ಮೊದಲು ಸಡಿಲಿಸಬೇಕು, ಆಗ ಒಳಗೇನಾದರೂ ಉಳಿದಿದ್ದರೆ ಆ ಕಡೆಗೆ ಹೋಗುತ್ತದೆ. ಗ್ಯಾಸ್ಕೆಟ್ ಬಿಟ್ಟುಕೊಂಡು ಒತ್ತಡವಿಲ್ಲವೆಂದು ಕಂಡ ಮೇಲೆಯೇ ಬೋಲ್ಟುಗಳನ್ನು ಪೂರ್ತಿ ತೆಗೆಯಬೇಕು.

ಕಾರ್ಮಿಕರ ವಿಷಯದಲ್ಲಿ, ಪ್ರತಿ ವಾಲ್ವಿಗೂ ಸಂಖ್ಯೆ ಬರೆದ ಲೋಹದ ಬಿಲ್ಲೆ ಕಟ್ಟಿ, ಅದೇ ಸಂಖ್ಯೆಗಳಿರುವ ಲೈನಿನ ಚಿತ್ರವನ್ನು ಯಂತ್ರದ ಪಕ್ಕದಲ್ಲೇ ಅಂಟಿಸಿ. "ಜನ ಕೆಲಸ ಮಾಡುತ್ತಿದ್ದಾರೆ, ತೆರೆಯಬೇಡಿ" ಎಂಬ ಟ್ಯಾಗ್ ಕನ್ನಡ, ಹಿಂದಿ, ಒಡಿಯಾ ಮೂರರಲ್ಲೂ ಇರಲಿ, ಜೊತೆಗೆ ಕೈಯ ಚಿತ್ರವಿರಲಿ. ಗುತ್ತಿಗೆಯವರಿಗೂ ಅವರದೇ ಬೀಗ ಕೊಡಿ. ಒಂದೇ ಕೆಲಸದಲ್ಲಿ ಮೂವರಿದ್ದರೆ ವಾಲ್ವಿನ ಸರಪಳಿಯಲ್ಲಿ ಮೂರು ಬೀಗಗಳಿರಬೇಕು, ಮೂವರೂ ಹೊರಬಂದು ತಮ್ಮ ತಮ್ಮ ಬೀಗವನ್ನು ತೆಗೆದ ಮೇಲೆಯೇ ಹಬೆ ಬರಬೇಕು. ಶಿಫ್ಟ್ ಬದಲಾಗುವ ಹೊತ್ತಿಗೆ ಕೆಲಸ ಅರ್ಧದಲ್ಲಿದ್ದರೆ, ಹೋಗುವವರು ಬರುವವರನ್ನು ಆ ವಾಲ್ವಿನ ಹತ್ತಿರವೇ ಕರೆದುಕೊಂಡು ಹೋಗಿ ತೋರಿಸಿ, ಬರುವವರ ಬೀಗ ಬಿದ್ದ ಮೇಲೆ ತಮ್ಮದನ್ನು ತೆಗೆಯಲಿ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ, ರಿಪೇರಿಗೆಂದು ರಿಲೀಫ್ ವಾಲ್ವ್ ಬಿಚ್ಚಿಟ್ಟಿದ್ದ ಪಂಪನ್ನು ರಾತ್ರಿ ಪಾಳಿಯವರು ಆ ವಿಷಯ ತಿಳಿಯದೆ ಚಾಲೂ ಮಾಡಲು ಹೋದದ್ದರಿಂದ ಶುರುವಾದ ಬೆಂಕಿಯಲ್ಲಿ 167 ಮಂದಿ ಸತ್ತರು. ಆ ಪಂಪಿನ ವಾಲ್ವ್‌ಗಳು ಮುಚ್ಚಿದ್ದವು, ಆದರೆ ಬೀಗ ಹಾಕಿರಲಿಲ್ಲ. ನಿಮ್ಮ ಪಟ್ಟಿಯಲ್ಲಿ ವಾಲ್ವ್‌ಗಳ ಬೆಲೆಯ ಜೊತೆಗೆ ಬೀಗ, ಸರಪಳಿ, ಟ್ಯಾಗ್‌ಗಳ ಬೆಲೆಯನ್ನೂ ಈಗಲೇ ಸೇರಿಸಿ ಕಳುಹಿಸಿ. ಅವು ಇಂದೇ ಬಂದರೆ ಹಬ್ಬದವರೆಗೆ ಕಾಯದೆ ಬಳಸಬಹುದು.